ಒಂದೇ ಪಂಕ್ತಿಯ ಅಕ್ಕೋರು

ಅವರು ಯಾರ ಮನೆಗೆ ಹೋದರೂ ಮೊದಲು ಅಡುಗೆಮನೆಗೇ ನುಗ್ಗುತ್ತಿದ್ದರು. ಚಪ್ಪಲಿ ಬಿಟ್ಟು, ಕಾಲು ತೊಳೆದು, "ಏನ್ ಮಾಡೀರಿ ಇವತ್ತ?" ಎನ್ನುತ್ತಾ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತುವುದು. ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕಣ್ಣಳತೆಯಲ್ಲಿ ಬೆಳೆದವಳು. ಕರೆಯದೆ ಇನ್ನೊಬ್ಬರ ಪಾತ್ರೆಯೊಳಗೆ ಇಣುಕುವುದಕ್ಕಿಂತ ಬ್ಯಾಡ್ ಮ್ಯಾನರ್ಸ್ ಇನ್ನೊಂದಿಲ್ಲ ಎಂದು ನಂಬಿದ್ದವಳು. ಮೊದಲ ಸಲ ಅವರು ನನ್ನ ಕುಕ್ಕರಿಗೆ ಕೈ ಹಾಕಿದಾಗ ನಿಜಕ್ಕೂ ಸಿಟ್ಟು ಬಂದಿತ್ತು. ಈಗ ಶಹಾಬಾದಿನ ನನ್ನ ಅಡುಗೆಮನೆಯಲ್ಲಿ ಮುಚ್ಚಳಗಳು ನಾನು ಮುಚ್ಚಿದ ಹಾಗೇ ಇರುತ್ತವೆ. ಎತ್ತಿ ನೋಡುವವರು ಈ ಮಳೆಗಾಲದ ಕೊನೆಯಲ್ಲಿ ಹೊರಟುಹೋದರು.

ನಾವಿಬ್ಬರೂ ಒಂದೇ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿದ್ದವರು. ನಾನು ಇಂಗ್ಲಿಷ್, ಅವರು ಹೋಂ ಸೈನ್ಸ್. ಹುಡುಗಿಯರಿಗೆ ನಾನು 'ಮಿಸ್', ಅವರು 'ಅಕ್ಕೋರು'. ಅದರಲ್ಲೇ ಎಲ್ಲ ಬಂತು. ಮಿಸ್ ಎಂದರೆ ಹೆದರಿಕೆ, ಅಕ್ಕೋರು ಎಂದರೆ ಅಪ್ಪನ ಮೇಲೂ ಅವ್ವನ ಮೇಲೂ ದೂರು ಹೇಳಬಹುದಾದ ಜಾಗ. ಕುಳ್ಳಗೆ, ದುಂಡಗೆ ಇದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ದಾರ ಕಟ್ಟಿ ಎದೆಗೆ ಇಳಿಬಿಟ್ಟ ಕನ್ನಡಕ. ನಗು ಬಂದರೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುವರು. ಭುಜಗಳು ಮಾತ್ರ ಕುಣಿಯುತ್ತಿದ್ದವು, ಸದ್ದೇ ಇಲ್ಲ.

ಸ್ಟಾಫ್ ರೂಮಿನಲ್ಲಿ ಎಲ್ಲರ ಡಬ್ಬಿ ತೆರೆದು ನೋಡುವ ಹಕ್ಕನ್ನು ತಮಗೆ ತಾವೇ ಕೊಟ್ಟುಕೊಂಡಿದ್ದರು. ನನ್ನ ಬ್ರೆಡ್, ಬೆಣ್ಣೆ, ಮೇಲೊಂದಿಷ್ಟು ಸಕ್ಕರೆಯ ಡಬ್ಬಿ ನೋಡಿ ಒಮ್ಮೆ, "ಏನ್ರಿ ಮಿಸ್, ಬರೇ ಬಿಳೀದs ಅದ. ಡಬ್ಬಿಗಿ ಸೂತಕ ಏನು?" ಎಂದು, ತಮ್ಮ ರೊಟ್ಟಿಯ ಮೇಲಿನ ಪುಂಡಿಪಲ್ಯವನ್ನು ಅರ್ಧ ನನ್ನ ಕಡೆ ಸರಿಸಿದ್ದರು. ಹುಳಿ ಹುಳಿಯಾದ ಆ ಸೊಪ್ಪು, ಜೋಳದ ನುಚ್ಚು, ತೊಗರಿಬೇಳೆ, ಬೆಳ್ಳುಳ್ಳಿ. ನಾನು ಅದಕ್ಕಿಂತ ಮೊದಲು ಪುಂಡಿಯನ್ನು ಬಡವರ ಊಟವೆಂದು ದೂರದಿಂದ ನೋಡಿದ್ದೆ ಅಷ್ಟೆ. ಮರುದಿನದಿಂದ ಮಧ್ಯಾಹ್ನದ ಬೆಲ್ಲಿಗೆ ನಾನೇ ಕಾಯತೊಡಗಿದೆ.

ಅವರ ಕ್ಲಾಸಿನಲ್ಲಿ ಅಳತೆಗೆ ಬಟ್ಟಲು ಇರಲಿಲ್ಲ, ತಕ್ಕಡಿ ಇರಲಿಲ್ಲ. "ಮುಟಗಿ ಹಿಡೀರಿ ಎಲ್ಲಾರೂ" ಎನ್ನುವರು. ಹುಡುಗಿಯರೆಲ್ಲ ಮುಷ್ಟಿ ಕಟ್ಟಿ ಎತ್ತಬೇಕು. "ಇಷ್ಟs ಅನ್ನ. ಈಗ ಬೊಗಸಿ ಹಿಡೀರಿ. ಇಷ್ಟು ಪಲ್ಯ, ಕಾಳು. ದೇವರು ಒಬ್ಬೊಬ್ಬರಿಗಿ ಅವರವರ ಅಳತಿ ಕೈಗೇ ಕಟ್ಟಿ ಕಳಿಸ್ಯಾನ. ಮಂದಿ ಮುಟಗಿ ನೋಡಿ ನೀವು ಉಣಬ್ಯಾಡ್ರಿ." ಪಕ್ಕದ ಕೋಣೆಯಲ್ಲಿ ನಾನು ಪಾಸ್ಟ್ ಟೆನ್ಸ್ ಹೇಳಿಕೊಡುತ್ತಿದ್ದರೆ ಕಿಟಕಿಯಾಚೆ ಒಂದು ಕ್ಲಾಸ್ ಪೂರ್ತಿ ಮುಷ್ಟಿ ಎತ್ತಿ ನಿಂತಿರುತ್ತಿತ್ತು. ಹೊಸಬರು ಯಾರಾದರೂ ನೋಡಿದರೆ ಸ್ಟ್ರೈಕ್ ಎಂದೇ ತಿಳಿಯಬೇಕು.

ಹಾಗೆಂದು ಅವರು ನಾಲಗೆ ಕಟ್ಟಿದ ಸಂನ್ಯಾಸಿನಿ ಆಗಿರಲಿಲ್ಲ. ಕಲಬುರಗಿಗೆ ಹೋದಾಗ ವರ್ಷಕ್ಕೊಂದು ಸಲ ಸಿಹಿ ಅಂಗಡಿಯಲ್ಲಿ ಮಾಲಪುರಿ ತಿನ್ನುವರು. ಒಂದೇ ಒಂದು. ಕಣ್ಣು ಮುಚ್ಚಿ, ಅಂಗಡಿಯ ಬೆಂಚಿನ ತುದಿಯಲ್ಲಿ ಕೂತು, ಪೂಜೆಗೆ ಕೂತವರ ಹಾಗೆ. ಆಗ ಯಾರೂ ಮಾತಾಡಿಸಬಾರದು. ನಾನು ಏನೋ ಕೇಳಿದ್ದಕ್ಕೆ ಕೈ ಎತ್ತಿ ಸುಮ್ಮನಾಗಿಸಿ, ಕೊನೆಯ ತುತ್ತು ಮುಗಿದ ಮೇಲೆ ಕಣ್ಣು ತೆರೆದು, "ಹಾಂ, ಈಗ ಕೇಳ್ರಿ" ಎಂದಿದ್ದರು. "ನಾಲಿಗಿ ಎಷ್ಟುದ್ದ ಅದ, ಕಾಲು ಎಷ್ಟುದ್ದ ಅದಾವ, ನೀವೇ ನೋಡ್ರಿ ಮಿಸ್. ಸಣ್ಣಾಕಿ ಮಾತು ಕೇಳಿ ದೊಡ್ಡಾಕಿನ ಕೆಡಸಬಾರದು" ಎಂಬುದು ಅವರ ಮಾತು. ಕಾಲಿನ ಉದಾಹರಣೆಯನ್ನೇ ಯಾಕೆ ಕೊಡುತ್ತಿದ್ದರು ಎಂಬುದಕ್ಕೆ ಕಾರಣವಿದೆ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಮನೆ ನಮ್ಮ ಓಣಿಯಲ್ಲೇ, ಎದುರು ಸಾಲಿನಲ್ಲಿ. ನುಣುಪು ಫರ್ಸಿ ಕಲ್ಲಿನ ನೆಲ, ಬೇಸಿಗೆಯಲ್ಲಿ ಬರಿಗಾಲಿಗೆ ಅಷ್ಟು ಹಿತ. ಯಜಮಾನರದು ಫರ್ಸಿ ಕೊಯ್ಯುವ ಮಷೀನು, ರಾವೂರಿನ ಹಾದಿಯಲ್ಲಿ. ಸಂಜೆ ಮನೆಗೆ ಬಂದರೆ ರೆಪ್ಪೆಯ ಮೇಲೂ ಬಿಳಿ ಪುಡಿ. ಮನೆಯ ಹಿರಿಯರು ಅವರ ತಾಯಿ. ಅಂದರೆ ಅಕ್ಕೋರ ಅತ್ತೆ. ಓಣಿಗೆಲ್ಲ ಅವರು ಆಯಿ. ಚಿಂಚೋಳಿ ಕಡೆಯ ಐನಾಪುರದವರು, ನೆಟ್ಟಗೆ ನಡೆಯುವವರು, ಎತ್ತರದ ದನಿಯವರು. ಸೊಸೆ ಸಾಲೆಗೆ ಹೋಗಿ ಎಷ್ಟೇ ಪಾಠ ಹೇಳಲಿ, ಮನೆಯಲ್ಲಿ ಬಡಿಸುವ ಸೌಟು ಆಯಿಯ ಕೈಯಲ್ಲೇ. ಸೊಸೆಯನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. "ಸಾಲಿ ಬಾಯಿ" ಎಂದೇ ಕರೆಯುವರು, ಅರ್ಧ ಹೆಮ್ಮೆ, ಅರ್ಧ ಚುಚ್ಚು.

ಅಕ್ಕೋರ ಸರ್ವಿಸ್ಸಿನ ಕೊನೆಯ ವರ್ಷ. ನಾನಾಗಲೇ ರಿಟೈರ್ ಆಗಿದ್ದೆ. ಆ ಮಳೆಗಾಲದಲ್ಲಿ ಆಯಿಯ ಕಾಲಿನ ಹೆಬ್ಬೆರಳಿಗೆ ಒಂದು ಕಲ್ಲು ತಾಗಿ ಸಣ್ಣ ಗಾಯವಾಯಿತು. ಸಣ್ಣದೇ. ಆದರೆ ಮಾಯಲಿಲ್ಲ. ಆಯಿಗೆ ಸಕ್ಕರೆ ಕಾಯಿಲೆ ಎಷ್ಟೋ ವರ್ಷದಿಂದ ಇತ್ತು. "ಇದ್ರ ಇರ್ಲಿ, ಬಾಡಗಿ ಕೇಳೂದಿಲ್ಲಲ್ಲ" ಎಂದು ಅದನ್ನು ಒಬ್ಬ ಬಾಡಿಗೆದಾರನ ಹಾಗೆ ಇಟ್ಟುಕೊಂಡಿದ್ದರು. ಬೆರಳು ಕಪ್ಪಿಟ್ಟು ಊದಿದಾಗ ಕಲಬುರಗಿಗೆ ಕರೆದೊಯ್ದರು. ಸಂಗಾತಕ್ಕೆ ನಾನೂ ಹೋಗಿದ್ದೆ. ಡಾಕ್ಟರು ಗಾಯ ಒತ್ತಿ ನೋಡಿ, ರಿಪೋರ್ಟ್ ನೋಡಿ, ಮಾತು ಸುತ್ತಿಸಲಿಲ್ಲ.

"ಗುಳಿಗಿ, ಡ್ರೆಸ್ಸಿಂಗ್ ನಾ ನೋಡ್ಕೋತೀನಿ. ತಾಟು ನೀವು ನೋಡ್ಕೋರಿ. ಸಕ್ರಿ ಇಳೀಲಿಲ್ಲಂದ್ರ ಗಾಯ ಮುಚ್ಚಂಗಿಲ್ಲ. ಗಾಯ ಮುಚ್ಚಲಿಲ್ಲಂದ್ರ ಬೆರಳು ತಗೀಬೇಕಾಗ್ತದ."

ಆಯಿ ಬೆರಳಿನ ಬಗ್ಗೆ ಕೇಳಲೇ ಇಲ್ಲ. "ಎಳ್ಳ ಅಮಾಸಿಗಿ ಹೊಲಕ್ಕ ಹೋಗಬೇಕಲ್ರಿ ನಾ" ಎಂದರು.

"ತೆರೆದ ಗಾಯ ಇಟ್ಕೊಂಡು ಹೊಲದಾಗ ಕಾಲಿಡಂಗಿಲ್ಲ, ಆಯಿ. ಮುಚ್ಚಿದ್ರ ಹೋಗ್ರಿ."

ಆಯಿಯ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಅದೇ ಮೊದಲು ನೋಡಿದ್ದು. ಮದುವೆಯಾಗಿ ಬಂದ ವರ್ಷದಿಂದ ಪ್ರತಿ ಎಳ್ಳ ಅಮಾವಾಸ್ಯೆಗೆ ಐನಾಪುರದ ಹೊಲದಲ್ಲಿ ಐದು ಕಲ್ಲಿಗೆ ಪೂಜೆ ಮಾಡಿ, ಇಡೀ ಬಳಗವನ್ನು ಸಾಲಾಗಿ ಕೂರಿಸಿ, ಸೊಪ್ಪು ಕಾಳುಗಳ ಭಜ್ಜಿಯನ್ನು ತಮ್ಮ ಕೈಯಾರೆ ಬಡಿಸಿದವರು ಅವರು. ಗಂಡ ತೀರಿದ ವರ್ಷವೂ ತಪ್ಪಿಸಿರಲಿಲ್ಲ. ಜೀಪಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಹೊರಗಿನ ಹೊಲಗಳನ್ನೇ ನೋಡುತ್ತಿದ್ದರು. ಶಹಾಬಾದ್ ಹತ್ತಿರವಾದಾಗ, "ನಾ ಹೋಗದಿದ್ರ ಅಲ್ಲಿ ಬಡಸೋರು ಯಾರು?" ಎಂದು ಕಿಟಕಿಗೆ ಕೇಳಿದರು.

ಅಕ್ಕೋರು ಸೆರಗು ಸಿಕ್ಕಿಸಿ ನಿಂತರು. ಓದಿದ್ದೆಲ್ಲ ಹೊರಗೆ ಬಂತು. ಗೋಡೆಗೆ ಚಾರ್ಟು, ಆಯಿಗೊಂದು ಬೇರೆ ಸಣ್ಣ ಒಲೆ, ಬೇರೆ ಪಾತ್ರೆ, ಬೇರೆ ತಾಟು. ಬಡಿಸುವ ಸೌಟೂ ಅಕ್ಕೋರ ಕೈಗೇ ಬಂತು. ಹೊತ್ತಿಗೆ ಸರಿಯಾಗಿ ಪಡಸಾಲೆಯಲ್ಲಿ ಆಯಿಯನ್ನು ಒಬ್ಬರನ್ನೇ ಕೂರಿಸಿ ಖಾರವಿಲ್ಲದ, ಎಣ್ಣೆ ಇಲ್ಲದ, ಉಪ್ಪು ಇದೆಯೋ ಇಲ್ಲವೋ ತಿಳಿಯದ ಊಟ. ನನಗೂ ಅದೇ ಸರಿ ಎನಿಸಿತ್ತು. ನನ್ನ ಮ್ಯಾಗಜೀನುಗಳಿಂದ ಓಟ್ಸ್ ಗಂಜಿಯ ರೆಸಿಪಿ ನಾನೇ ಓದಿ ಹೇಳಿದ್ದೆ.

"ರೊಟ್ಟಿ ಯಾಕ ಕಡಿಮಿ ಮಾಡ್ತಿ? ಜ್ವಾಳದಾಗ ಎಲ್ಲಿ ಸಕ್ರಿ ಅದ?" ಎಂದು ಆಯಿ ಜಗಳಕ್ಕೆ ನಿಲ್ಲುವರು. ನಮ್ಮ ಕಡೆ ಇದು ಎಲ್ಲರ ನಂಬಿಕೆ. ಅನ್ನ ಬಿಟ್ಟರೆ ಸಾಕು, ರೊಟ್ಟಿ ಎಷ್ಟು ಉಂಡರೂ ಲೆಕ್ಕಕ್ಕಿಲ್ಲ.

"ಎತ್ತು ನಮ್ಮದೇ ಅಂತ ಬೆಳಿಯಾಗ ಬಿಟ್ರ ಮೇಯಂಗಿಲ್ಲೇನ್ರಿ, ಅತ್ತಿ? ರೊಟ್ಟಿ ಛಲೋ. ಖರೆ, ಗುಡ್ಡಿ ಹಾಕ್ಕೊಂಡು ತಿಂದ್ರ ಅದೂ ಮೇಯ್ತದ."

"ನಿನ್ನ ಸಾಲಿ ಹುಡುಗ್ಯಾರಿಗಿ ಹೇಳು ಇದನ್ನ."

ಕೆಲವು ವಾರ ಹೀಗೆ ನಡೆಯಿತು. ಸಕ್ಕರೆ ಇಳಿಯಲಿಲ್ಲ, ಏರಿತು. ಅಕ್ಕೋರು ತಲೆ ಕೆಡಿಸಿಕೊಂಡರು. ಕಾರಣ ಪಕ್ಕದ ಮನೆಯ ಮುಸ್ಲಿಂ ಹೆಂಗಸಿನಿಂದ ತಿಳಿಯಿತು; ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ನಮ್ಮಲ್ಲಿ ಯಾರ ಮನೆಗೆ ಹೋದರೂ ನೀರಿನ ಜೊತೆ ಒಂದು ಚೂರು ಬೆಲ್ಲ ಅಂಗೈಗೆ ಬೀಳಬೇಕು. ಆಯಿ ಮಧ್ಯಾಹ್ನ ಕುಂಟುತ್ತಾ ಒಂದೊಂದೇ ಮನೆಗೆ ಹೋಗಿ ಕೂತು ಬರುತ್ತಿದ್ದರು. ಖಾಲಾ ಎರಡೂ ಕೆನ್ನೆ ಬಡಿದುಕೊಂಡು ಹೇಳಿದರು:

"ತೋಬಾ ತೋಬಾ! ಅಕ್ಕೋರೇ, ಬಡೀ ಅಮ್ಮಾ ಖುದ್ದ ಬಂದು ಕೈ ಚಾಚಿದ್ರ ನಾ ಹ್ಯಾಂಗ ಇಲ್ಲ ಅನ್ಲಿ? 'ಮನ್ಯಾಗ ನನಗ ಬ್ಯಾರೆ ಹಾಕ್ತಾರ' ಅಂತ ಕಣ್ಣಾಗ ನೀರು ತಂದ್ರು. ನಾ ಬೆಲ್ಲದ ಸಂಗಾಟ ಶೇಂಗಾನೂ ಕೊಟ್ಟೆ."

ದಸರೆಯ ದಿನ ಆಯಿಯ ಸಿಟ್ಟು ಒಡೆಯಿತು. ಚಿತ್ತಾಪುರದಿಂದ, ಸೇಡಂನಿಂದ ನೆಂಟರು ಬಂದಿದ್ದರು. ನನಗೂ ಖಾಲಾರಿಗೂ ಊಟಕ್ಕೆ ಕರೆ. ಉದ್ದ ಸಾಲು, ಎಲ್ಲರ ತಾಟಿಗೂ ಹೋಳಿಗೆ, ತುಪ್ಪ. ಸಾಲಿನ ತಲೆಯಲ್ಲಿ ಕೂತ ಆಯಿಯ ಮುಂದೆ ಅಕ್ಕೋರು ಓಟ್ಸ್ ಗಂಜಿಯ ಬಟ್ಟಲು ತಂದಿಟ್ಟರು. ಆಯಿ ಅದನ್ನು ಬೆರಳ ತುದಿಯಿಂದ ದೂರ ಸರಿಸಿದರು.

"ಸಾಲಿ ಬಾಯಿ, ಶರಣರ ಮನ್ಯಾಗ ಪಂಕ್ತಿಭೇದ ಮಾಡ್ತೇನು? ಅವರಿಗಿ ಹೋಳಿಗಿ, ನನಗ ಗಂಜಿ? ಬ್ಯಾನಿ ಬಂತಂದ್ರ ನಾ ಈ ಮನಿ ಮಂದಿ ಅಲ್ಲೇನು?"

ಬಸವಣ್ಣನವರ ದಾರಿ ಹಿಡಿದ ಮನೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಒಂದೇ ಸಾಲಿನಲ್ಲಿ ಕೂರಿಸಿ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಬಡಿಸಬಾರದೆಂದು ಆ ಮನೆಗಳಲ್ಲಿ ಮಕ್ಕಳಿಗೆ ಮಾತು ಕಲಿಸುವ ಮೊದಲೇ ಕಲಿಸಿರುತ್ತಾರೆ. ಅಕ್ಕೋರು ಕೆಂಪಾಗಿ ನಿಂತರು. ಈಗ ಅಳುತ್ತಾರೆ ಎಂದುಕೊಂಡೆ. ಅವರು ಅತ್ತೆಯ ಪಕ್ಕದಲ್ಲಿ ಕುಳಿತು, ಆ ಬಟ್ಟಲು ತೆಗೆದುಕೊಂಡು, ಒಂದು ತುತ್ತು ಬಾಯಿಗೆ ಹಾಕಿದರು. ನುಂಗಲು ಹೊತ್ತು ಹಿಡಿಯಿತು.

"ಖರೆ ಅದ್ರಿ ಅತ್ತಿ" ಎಂದರು. "ಇದನ್ನ ನಾನೂ ಉಣ್ಣಂಗಿಲ್ಲ."

ಸೆರಗು ಬಾಯಿಗೆ ಹೋಯಿತು, ಭುಜ ಕುಣಿಯತೊಡಗಿತು. ಮೊದಲು ಖಾಲಾ ನಕ್ಕರು, ಆಮೇಲೆ ಸಾಲು ನಕ್ಕಿತು, ಕೊನೆಗೆ ಆಯಿ.

ಅಂದು ಸಂಜೆ ನನ್ನ ಮನೆಗೆ ಬಂದವರು ಅಪರೂಪಕ್ಕೆ ಮುಚ್ಚಳ ಎತ್ತಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲೇ ಕೂತರು. "ಮಿಸ್, ನಾ ಇಷ್ಟು ವರ್ಷ ರೋಗಿಗಿ ಅಡಗಿ ಮಾಡೋದು ಕಲಿಸಿದೆ. ಮನಿಗಿ ಅಡಗಿ ಮಾಡೋದು ಕಲಿಸಲಿಲ್ಲ ನೋಡ್ರಿ."

ಮರುದಿನ ಸಣ್ಣ ಒಲೆ ಅಟ್ಟಕ್ಕೆ ಹೋಯಿತು. ಸೌಟು ಆಯಿಯ ಕೈಗೆ ವಾಪಸು ಬಂತು. ಒಂದೇ ಅಡುಗೆ, ಒಂದೇ ಪಂಕ್ತಿ, ಆಯಿಗೆ ಯಾವುದು ಸಲ್ಲುತ್ತದೋ ಅದೇ ಎಲ್ಲರಿಗೂ. ತೆಳ್ಳಗೆ ಬಡಿದ ರೊಟ್ಟಿ, ಮೆಂತ್ಯ, ಪುಂಡಿ, ಮೊಳಕೆಯ ಹೆಸರುಕಾಳು, ಮುಷ್ಟಿ ಅನ್ನ, ಬೊಗಸೆ ಪಲ್ಯ, ಮಜ್ಜಿಗೆ. ಖಾರ ಇತ್ತು, ಬೆಳ್ಳುಳ್ಳಿ ಇತ್ತು, ನಿಂಬೆಹಣ್ಣು ಹಿಂಡಿದರೆ ಉಪ್ಪು ಕಡಿಮೆಯಾದದ್ದು ನಾಲಗೆಗೆ ಗೊತ್ತೇ ಆಗುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ಬಡಿಸುವವರು, ಉಳಿದವರೆಲ್ಲ ಉಂಡು ಎದ್ದ ಮೇಲೆ ಉಣ್ಣುವುದು ಆ ಮನೆಯ ಪದ್ಧತಿ. ಗುಳಿಗೆ ನುಂಗಿದವರು ಹಸಿದು ಕಾಯಬಾರದು ಎಂದು ಅಕ್ಕೋರು ಪಾತ್ರೆಗಳನ್ನೇ ನಡುವೆ ತಂದಿಟ್ಟು ಆಯಿಯನ್ನು ಕೂರಿಸಿಬಿಟ್ಟರು. ಆಯಿ ಕೂತ ಮೇಲೆ ಸೊಸೆ ನಿಲ್ಲುವುದು ಹೇಗೆ? ಅವರೂ ಕೂತರು. ಆ ಮನೆಯ ಹೆಂಗಸರು ಬಿಸಿ ರೊಟ್ಟಿ ಉಂಡದ್ದು ಆವತ್ತಿನಿಂದ.

ಕಷ್ಟವಾದದ್ದು ಯಜಮಾನರಿಗೆ. "ನನಗೇನು ಬ್ಯಾನಿ ಇಲ್ಲಲ್ಲವಾ!" ಎಂದು ಸಪ್ಪೆ ಚಹಾ ಹಿಡಿದು ತಾಯಿಯನ್ನು ಕೇಳುವರು.

"ನನ್ನ ಮಗ ಇದ್ದಿ. ಬರ್ತದ, ತಡಿ" ಎಂದು ಆಯಿ ಸಮಾಧಾನ ಹೇಳುವರು.

ವಾಡಿ ಸ್ಟೇಷನ್ನಿನಲ್ಲಿ ಯಜಮಾನರು ಕಂಬದ ಮರೆಯಲ್ಲಿ ಜಿಲೇಬಿ ತಿನ್ನುತ್ತಿದ್ದಾಗ ಖಾಲಾರ ಕಣ್ಣಿಗೆ ಬಿದ್ದು, ಅವರಿಗಿಂತ ಮೊದಲು ಸುದ್ದಿ ಮನೆ ಮುಟ್ಟಿತ್ತು. ಆವತ್ತು ಊಟದ ಹೊತ್ತಿಗೆ ಆಯಿ ಸೌಟು ಎತ್ತಿ, "ಜಿಲೇಬಿ ಉಂಡು ಬಂದೋರು ಮುಟಗಿ ಸಣ್ಣಾಗಿ ಹಿಡೀರಿ" ಎಂದರಂತೆ. ಸೊಸೆಯ ಮುಷ್ಟಿಯ ಅಳತೆಯನ್ನು ಅತ್ತೆ ಆಗಲೇ ವಶಪಡಿಸಿಕೊಂಡಿದ್ದರು. ಮುಷ್ಟಿ ತೋರಿಸದೆ ಅನ್ನ ಇಲ್ಲ. ತಮ್ಮ ಮುಷ್ಟಿಯನ್ನೂ ತಾವೇ ನೋಡಿ, ತಮಗೆ ತಾವೇ ಬಡಿಸಿಕೊಳ್ಳುವರು. ಆಮೇಲೆ ಬೇರೆ ಮನೆಯಲ್ಲಿ ಬೆಲ್ಲಕ್ಕೆ ಕೈ ಚಾಚಲಿಲ್ಲ. ಓಣಿಯೂ ಬೆಲ್ಲದ ಬದಲು ನಾಲ್ಕು ಪುಠಾಣಿ, ಅಂದರೆ ಹುರಿಗಡಲೆ, ಕೊಡಲು ಕಲಿಯಿತು. ಖಾಲಾ ತಮ್ಮ ಮನೆಯವರ ಬಿಪಿಗಾಗಿ ಉಪ್ಪಿನಕಾಯಿಯ ಭರಣಿಯನ್ನು ಮೇಲಿನ ಗೂಡಿಗೆ ಏರಿಸಿದರು.

ನಡುವೆ ಸೇಡಂ ಕಡೆಯ ನೆಂಟನೊಬ್ಬ ಯಾವುದೋ ಬೇರಿನ ಪುಡಿ ತಂದು, ಇದಿದ್ದರೆ ಗುಳಿಗೆ ಬೇಡ ಎಂದ. ಅಕ್ಕೋರು ಅವನಿಗೆ ಮಜ್ಜಿಗೆ ಕೊಟ್ಟು ಕೂರಿಸಿದರು. "ಗುಳಿಗಿ ಕೆಲಸ ಗುಳಿಗಿ ಮಾಡ್ತದ್ರಿ, ರೊಟ್ಟಿ ಕೆಲಸ ರೊಟ್ಟಿ ಮಾಡ್ತದ. ಒಬ್ಬರ ಡ್ಯೂಟಿ ಇನ್ನೊಬ್ಬರಿಗಿ ಹಚ್ಚಬಾರದು." ಪುಡಿ ಅವನ ಜೇಬಿನಲ್ಲೇ ವಾಪಸು ಹೋಯಿತು. ಡ್ರೆಸ್ಸಿಂಗ್ ಒಂದು ದಿನವೂ ತಪ್ಪಲಿಲ್ಲ.

ಗಾಯ ನಿಧಾನವಾಗಿ, ಬಹಳ ನಿಧಾನವಾಗಿ ಅಂಚಿನಿಂದ ಕೂಡಿಕೊಳ್ಳತೊಡಗಿತು. ಅಕ್ಕೋರು ಬ್ಯಾಂಡೇಜ್ ಬಿಚ್ಚುವಾಗ ಆಯಿ ಮುಖ ತಿರುಗಿಸಿ, "ಹೊಲ ಕಾಣಾಕತ್ತದೇನು?" ಎಂದು ಕೇಳುವರು. ಅಕ್ಕೋರು ಕನ್ನಡಕ ಏರಿಸಿ, ಐನಾಪುರದ ಹಾದಿಯ ಊರುಗಳನ್ನು ಎಣಿಸುವವರ ಹಾಗೆ, "ಚಿತ್ತಾಪುರ ದಾಟೀವ್ರಿ" ಎನ್ನುವರು. ಇನ್ನೊಂದು ದಿನ, "ಸೇಡಂ ಬಂತ್ರಿ." ಚಳಿ ಬಿದ್ದ ಮೇಲೆ ಡಾಕ್ಟರು ನೋಡಿ, ಸಾಕ್ಸ್ ಮತ್ತು ಮೆತ್ತನೆಯ ಬೂಟು ಹಾಕಿ ಹೋಗಬಹುದೆಂದರು. ಆಸ್ಪತ್ರೆಯ ಮೆಟ್ಟಿಲಲ್ಲೇ ಆಯಿ ಸೊಸೆಯ ಹೆಗಲು ಹಿಡಿದು, "ಸಾಲಿ ಬಾಯಿ, ಚಿಂಚೋಳಿ ಬಂತಲ್ಲ!" ಎಂದರು.

ಆ ಎಳ್ಳ ಅಮಾವಾಸ್ಯೆಗೆ ನಾನೂ ಹೋದೆ. ದಾರಿಯ ಎರಡೂ ಕಡೆ ತೊಗರಿ ಒಣಗಿ ನಿಂತಿತ್ತು, ಬಿಳಿಜೋಳ ಹಸಿರಾಗಿತ್ತು. ನೀಲಿ ಕ್ಯಾನ್ವಾಸ್ ಬೂಟು ತೊಟ್ಟ ಆಯಿ ಬದುವಿನ ಮೇಲೆ ಯಾರ ಕೈಯನ್ನೂ ಹಿಡಿಯದೆ ನಡೆದರು. ಎರಡು ಹೆಜ್ಜೆ ಹಿಂದೆ ಅಕ್ಕೋರು, ಅವರ ಕಣ್ಣು ಆ ಬೂಟುಗಳ ಮೇಲೆ. ಪೂಜೆ ಆಯಿತು. ಸಾಲು ಕೂತಿತು. ಊರಿನ ನೆಂಟ ಹೆಂಗಸೊಬ್ಬಳು ಪ್ರೀತಿಯಿಂದ ಒಂದು ಸ್ಟೀಲ್ ಡಬ್ಬಿ ತಂದು, "ಆಯಿ, ನಿಮಗ ಸಕ್ರಿ ಅದ ಅಂತ ಬ್ಯಾರೆ ಮಾಡಿ ತಂದೀನಿ" ಎಂದಳು.

"ಮುಚ್ಚಿಡವಾ ಅದನ್ನ. ಇಲ್ಲಿ ಬ್ಯಾರೆ ಯಾರೂ ಇಲ್ಲ" ಎಂದು ಆಯಿ ಸೌಟು ಎತ್ತಿಕೊಂಡರು. ಎಲ್ಲರಿಗೂ ಭಜ್ಜಿ, ಎಲ್ಲರಿಗೂ ಸಜ್ಜೆ ರೊಟ್ಟಿ, ಬೆಲ್ಲ ಹಾಕಿದ ಕಡುಬು ಒಂದೊಂದೇ, ತಮಗೂ ಒಂದು. ಅಕ್ಕೋರು ತಮ್ಮ ಕಡುಬನ್ನು ಕಣ್ಣು ಮುಚ್ಚಿಕೊಂಡು ತಿಂದರು. ಆ ವರ್ಷದ ಮಾಲಪುರಿಯನ್ನು ಬಿಟ್ಟುಕೊಟ್ಟಿದ್ದರೆಂದು ನನಗೆ ಆಮೇಲೆ ತಿಳಿಯಿತು.

ಅಲ್ಲಿಂದ ಈಚೆಗೆ ಎಷ್ಟೋ ಅಮಾವಾಸ್ಯೆಗಳು ಹೀಗೇ ಕಳೆದವು. ಸಂತೋಷದ ವರ್ಷಗಳಿಗೆ ಕಥೆ ಇರುವುದಿಲ್ಲ. ಮುಚ್ಚಳ ಎತ್ತಿದರು, ಬೈದರು, ನನ್ನ ಬೆಣ್ಣೆಯನ್ನು ಕಡಿಮೆ ಮಾಡಿಸಿದರು. ನನ್ನ ಬಿಪಿಯ ಗುಳಿಗೆ ಒಂದಕ್ಕೇ ನಿಂತಿದೆಯೆಂದರೆ ಅದರಲ್ಲಿ ಅವರ ಪುಂಡಿಪಲ್ಯದ ಪಾಲೂ ಇದೆ ಎಂದು ನನ್ನ ಡಾಕ್ಟರೇ ಒಪ್ಪುತ್ತಾರೆ. ಈ ಸಲ ಮಳೆ ಹಿಂದೆ ಸರಿಯುವಾಗ ಅವರಿಗೊಂದು ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರು, ಸಣ್ಣದೆಂದೇ ಎಲ್ಲರೂ ತಿಳಿದಿದ್ದೆವು. ನಾನು ನೋಡಲು ಹೋದಾಗ ಆಸ್ಪತ್ರೆಯ ಇಡ್ಲಿಯನ್ನು ಬೆರಳಿನಿಂದ ಒತ್ತಿ, "ಬರೇ ಬಿಳೀದs ಅದ, ಮಿಸ್" ಎಂದು ನಕ್ಕಿದ್ದರು. ಮತ್ತೆ ಮನೆಗೆ ಬರಲಿಲ್ಲ.

ಕಾರ್ಯದ ದಿನ ಅದೇ ಫರ್ಸಿಯ ನೆಲದ ಮೇಲೆ ಉದ್ದ ಸಾಲು ಕೂತಿತ್ತು. ಚಿತ್ತಾಪುರದ ಹೆಂಗಸೊಬ್ಬಳು ನನ್ನ ಪಕ್ಕದಲ್ಲಿ, ಸಣ್ಣ ದನಿಯಲ್ಲೇ ಅಂದಳು: "ಇಷ್ಟು ಪಥ್ಯ ಮಾಡಿ ಏನಾತ್ರಿ? ಸಕ್ರಿ ಇದ್ದಾಕಿ ಕುಂತಾಳ, ಪಥ್ಯ ಹೇಳಿದಾಕಿ ಹೋದ್ಲು."

ಆಯಿಯ ಕಿವಿ ಇನ್ನೂ ಚುರುಕು. ಒಂದು ಸಣ್ಣ ಸ್ಟೂಲಿನ ಮೇಲೆ, ಪಾತ್ರೆಗಳ ನಡುವೆ ಕೂತಿದ್ದರು. ನೀಲಿ ಬೂಟು ಇರಲಿಲ್ಲ. ತಣ್ಣನೆ ಫರ್ಸಿಯ ಮೇಲೆ ಎರಡೂ ಪಾದ ಊರಿದ್ದವು, ಎಲ್ಲ ಬೆರಳೂ ಇದ್ದವು.

"ಆಕಿ ಪಥ್ಯ ಮಾಡಿದ್ದು ನನ್ನ ಸಲುವಾಗಿ, ತಂಗಿ. ಆಕೀದು ಲುಕ್ಸಾನು ಆಗಿಲ್ಲ. ನಾ ಕುಂತೀನಲ್ಲ, ನೋಡು." ಸೆರಗಿನಿಂದ ಮುಖ ಒರೆಸಿಕೊಂಡರು. ಆಗ ಮನೆಯ ಹೆಣ್ಣುಮಗಳೊಬ್ಬಳು, ಅಜ್ಜಿಗೆ ದಣಿವಾಗುತ್ತದೆ ಎಂದು, ಅವರಿಗೆ ಒಳಗೆ ಕೋಣೆಯಲ್ಲಿ ಬೇರೆ ತಾಟು ಹಾಕಿಟ್ಟು ಕರೆಯಲು ಬಂದಳು. ಆಯಿ ಅವಳನ್ನು ನೋಡಿದ ನೋಟಕ್ಕೆ ಅವಳು ಆ ತಾಟನ್ನು ತಂದು ಸಾಲಿನಲ್ಲೇ ಇಟ್ಟಳು.

ಅನ್ನದ ಪಾತ್ರೆಯ ಮುಚ್ಚಳ ತೆರೆಯಿತು. ಆಯಿ ಸೌಟು ಕೈಗೆ ತೆಗೆದುಕೊಂಡು, ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ತಮ್ಮ ಹಳೆಯ ಎತ್ತರದ ದನಿಯಲ್ಲಿ ಹೇಳಿದರು:

"ಎಲ್ಲಾರೂ ಮುಟಗಿ ಹಿಡೀರಿ ನೋಡಮ್ಮು."

ಯಜಮಾನರು ಮೊದಲು ಎತ್ತಿದರು, ಬಿಳಿ ಪುಡಿ ಉಗುರಿಗೆ ಮೆತ್ತಿದ ದೊಡ್ಡ ಮುಷ್ಟಿ. ಖಾಲಾ ಎತ್ತಿದರು. ಸಾಲಿನುದ್ದಕ್ಕೂ ಅಕ್ಕೋರ ಹಳೆಯ ವಿದ್ಯಾರ್ಥಿನಿಯರು, ಈಗ ತಲೆ ನರೆತ ಹೆಂಗಸರು, ಇನ್ನೊಮ್ಮೆ ಹೇಳಿಸಿಕೊಳ್ಳದೆ ಎತ್ತಿದರು. ಚಿತ್ತಾಪುರದವಳು ಅತ್ತಿತ್ತ ನೋಡಿ, ಏನೆಂದು ತಿಳಿಯದೆ, ತಾನೂ ಎತ್ತಿದಳು. ನಾನು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ನನ್ನ ಸುಕ್ಕುಗಟ್ಟಿದ ಸಣ್ಣ ಮುಷ್ಟಿಯನ್ನು ತಾಟಿನ ಮೇಲೆ ಹಿಡಿದೆ.

"ಮಿಸ್ಸಿಂದು ಇಷ್ಟs" ಎಂದು ಆಯಿ ನನ್ನ ಅಳತೆಗೆ ಸರಿಯಾಗಿ ಬಡಿಸಿದರು. ಆಮೇಲೆ ಪಲ್ಯದ ಪಾತ್ರೆ ಹತ್ತಿರ ಎಳೆದುಕೊಂಡು, "ಈಗ ಬೊಗಸಿ" ಎಂದರು.